ಮೀನೆಣ್ಣೆ ಬಾರದ ಸಾಲು

ಹೊರಮಾವು
21 ಜುಲೈ 2024

ಧನೂ, ಜೈ ಭೀಮ್.

ನೀನು ಹಾಸ್ಟೆಲ್ ತಲುಪಿದ ಕೂಡಲೇ ಫೋನ್ ಮಾಡಿ ಏನೇನೋ ಹೇಳಿದೆಯಂತೆ. ನಿನ್ನ ಅಮ್ಮನಿಗೆ ಕೇಳಿಸಿತು. ನನ್ನ ಕಿವಿಗೆ ಬಂದದ್ದು ಡಬ್ಬಿಯೊಳಗೆ ನೊಣ ಸಿಕ್ಕಿಕೊಂಡ ಸದ್ದು. ತಗಡಿನ ಕಾರ್ಖಾನೆಯಲ್ಲಿ ಇಡೀ ಸರ್ವೀಸು ಕಳೆದವನ ಹತ್ತಿರ ಫೋನಿನಲ್ಲಿ ಮಾತಾಡುವುದೂ ಗೋಡೆಯ ಹತ್ತಿರ ಮಾತಾಡುವುದೂ ಒಂದೇ. ಹೇಳುವುದಿದ್ದರೆ ಕಾಗದದಲ್ಲಿ ಹೇಳು, ನಾನೂ ಕಾಗದದಲ್ಲೇ ಜಗಳ ಆಡುತ್ತೇನೆ. ವಾಟ್ಸಾಪ್ ಕಲಿತುಕೊಳ್ಳಿ ಎಂದು ಅಮ್ಮ ಹೇಳುತ್ತಲೇ ಇದ್ದಾಳೆ. ನನ್ನ ಹೆಬ್ಬೆಟ್ಟು ಮುಟ್ಟಿದರೆ ಒಂದು ಅಕ್ಷರದ ಬದಲು ಮೂರು ಬರುತ್ತವೆ, ಅದೂ ಇಂಗ್ಲಿಷಿನಲ್ಲಿ.

ಹಿತ್ತಲ ಹನ್ನೆರಡು ತೊಟ್ಟಿಗಳೂ ಕ್ಷೇಮ. ಸಿಗಡಿ ಮರಿಗಳೂ ಕ್ಷೇಮ. ನೀನು ತೋರಿಸಿಕೊಟ್ಟ ಹಾಗೆಯೇ ಪ್ರತಿ ಭಾನುವಾರ ಮೊಟ್ಟೆಯ ಬಿಳಿಯಲ್ಲಿ ಮೀನೆಣ್ಣೆ ಕಲಸಿ, ಮೇವಿನ ಗುಳಿಗೆಗಳಿಗೆ ಸವರಿ, ನೆರಳಿನಲ್ಲಿ ಒಣಗಿಸಿ ನಾಲ್ಕು ಡಬ್ಬಿಗೆ ತುಂಬುತ್ತೇನೆ. ಉಳಿದ ಮೊಟ್ಟೆ ಹಳದಿಯೆಲ್ಲ ಅಮ್ಮನ ಬಾಣಲೆಗೆ ಹೋಗುತ್ತದೆ. ನಿನ್ನ ಪ್ರಯೋಗ ಮುಗಿಯುವುದರೊಳಗೆ ಸಿಗಡಿಗಿಂತ ಮೊದಲು ನಾನೇ ದಪ್ಪ ಆಗುತ್ತೇನೆ.

ಒಂದು ಅನುಮಾನ. ಮೊದಲ ಸಾಲಿನ ಕೆಂಪು ತೊಟ್ಟಿಗಳಿಗೆ ಆರು ಚಮಚ, ಹಸಿರಿಗೆ ನಾಲ್ಕು, ಹಳದಿಗೆ ಎರಡು ಎಂದು ಬರೆದುಕೊಟ್ಟಿದ್ದೀಯ. ಗೋಡೆಯ ಪಕ್ಕದ ಕೊನೆಯ ಸಾಲಿನ ಮೂರು ತೊಟ್ಟಿಗಳ ಮುಂದೆ ಸೊನ್ನೆ ಇದೆ. ಅವಕ್ಕೆ ಬಣ್ಣದ ಗುರುತೂ ಇಲ್ಲ. ಬರೆಯುವುದು ಮರೆತೆಯಾ, ಅಥವಾ ನಿಜವಾಗಲೂ ಸೊನ್ನೆಯೇ?

ನಿನ್ನ ಅಪ್ಪ
ಮುನಿಶಾಮಿ

ಹಾಸ್ಟೆಲ್
30 ಜುಲೈ 2024

ಅಪ್ಪಾ,

ನಿನ್ನ ಕಾಗದ ನೋಡಿ ಪಕ್ಕದ ರೂಮಿನವರೆಲ್ಲ ಓಡಿಬಂದರು. ಹಾಸ್ಟೆಲಿಗೆ ಇನ್‌ಲ್ಯಾಂಡ್ ಲೆಟರ್ ಬಂದು ಎಷ್ಟು ಕಾಲವಾಯಿತೋ ಎಂದು ವಾರ್ಡನ್ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಕೊಟ್ಟರು.

ಮರೆತಿಲ್ಲ. ಸೊನ್ನೆಯೇ. ಮೀನೆಣ್ಣೆಯಿಂದ ಸಿಹಿನೀರಿನ ಸಿಗಡಿ ಬೇಗ ಬೆಳೆಯುತ್ತದೆಯೇ, ಬೆಳೆಯುವುದಾದರೆ ಎಷ್ಟು ಎಣ್ಣೆ ಸಾಕು ಎಂಬುದು ನನ್ನ ಪ್ರಶ್ನೆ. ಎಣ್ಣೆಯೇ ಇಲ್ಲದೆ ಎಷ್ಟು ಬೆಳೆಯುತ್ತದೆ ಎಂದು ಗೊತ್ತಿಲ್ಲದಿದ್ದರೆ ಎಣ್ಣೆ ಏನು ಮಾಡಿತು ಎಂದು ಹೇಗೆ ಹೇಳಲಿ? ಕೊನೆಯ ಸಾಲಿನವು ಉಪವಾಸವೇನೂ ಇಲ್ಲ. ಅದೇ ಗುಳಿಗೆ, ಅಷ್ಟೇ ಗುಳಿಗೆ. ಎಣ್ಣೆಯೊಂದು ಇಲ್ಲ.

ಮೀನುಗಾರಿಕೆ ಕಾಲೇಜಿನ ತೊಟ್ಟಿಗಳು ನನ್ನ ಪಾಲಿಗೆ ಬರಲಿಲ್ಲ ಎಂದಾಗ ನೀನು ಹಿತ್ತಲಿನ ನುಗ್ಗೆಗಿಡ ಕಡಿದು ಜಾಗ ಮಾಡಿಕೊಟ್ಟೆ. ಅದು ನನಗೆ ನೆನಪಿದೆ. ಹಾಗೆಂದು ಪ್ರಯೋಗದಲ್ಲಿ ನಿನ್ನ ಕಾರ್ಖಾನೆಯ ಯೂನಿಯನ್ ತರಬೇಡ. ನನ್ನ ಪದವಿ ನಿಂತಿರುವುದು ಆ ಕೊನೆಯ ಸಾಲಿನ ಮೇಲೆ.

ಪೊರೆ ಬಿಟ್ಟ ಸಿಗಡಿಯ ಮೈ ಮೆತ್ತಗಿರುತ್ತದೆ, ಪಕ್ಕದವೇ ಬಂದು ತಿಂದುಬಿಡುತ್ತವೆ. ಅವು ಅವಿತುಕೊಳ್ಳಲು ಹಾಕಿದ ಪೈಪಿನ ತುಂಡುಗಳನ್ನು ತೆಗೆಯಬೇಡ.

ನಿನ್ನ
ಧನುಶ್ರೀ

ಹೊರಮಾವು
18 ಆಗಸ್ಟ್ 2024

ಧನೂ, ಜೈ ಭೀಮ್.

ನಿನ್ನ ಕಾಗದ ಬಂತು. ಅರ್ಥವೂ ಆಯಿತು. ಅರ್ಥ ಆಗುವುದು ಬೇರೆ, ಒಪ್ಪುವುದು ಬೇರೆ.

ಹೋದ ವಾರ ಗೋಡೆಯಾಚೆಯ ರಾಮಾಂಜಿನಪ್ಪ ಬಂದಿದ್ದರು. ನಮ್ಮ ಹಳೇ ಊರಿನ ಜಮೀನ್ದಾರರ ಮನೆಯವರು, ಈಗ ಹೊಲವಿದ್ದ ಜಾಗದಲ್ಲಿ ನಾಲ್ಕು ಮಹಡಿ ಬಾಡಿಗೆಗೆ ಬಿಟ್ಟಿದ್ದಾರೆ. ಮೀನೆಣ್ಣೆ ವಾಸನೆಗೆ ಬಾಡಿಗೆಯವರು ಮೂಗು ಮುಚ್ಚಿಕೊಳ್ಳುತ್ತಿದ್ದಾರಂತೆ, ತೊಟ್ಟಿ ತೆಗೆಸದಿದ್ದರೆ ಪಾಲಿಕೆ ಆಫೀಸಿಗೆ ಅರ್ಜಿ ಕೊಡುತ್ತಾರಂತೆ. ಗೇಟಿನ ಆಚೆಯೇ ನಿಂತು ಹೇಳಿದರು, ಒಳಗೆ ಬನ್ನಿ ಎಂದರೂ ಬರಲಿಲ್ಲ. ನಾನು ಒಂದೇ ಮಾತು ಹೇಳಿದೆ. "ನಿಮ್ಮನೆ ವಾಸ್ನೆ ನಮ್ ಸಾಲಿಗೂ ಬಂದಿತ್ತು ಯಜಮಾನ್ರೇ. ನಾವು ಯಾರ್‌ಗೂ ಅರ್ಜಿ ಕೊಡ್ಲಿಲ್ಲ." ಅವರಿಗೆ ತಿಳಿಯಿತೋ ಇಲ್ಲವೋ, ಮುಖ ಕೆಂಪಗೆ ಮಾಡಿಕೊಂಡು ಹೋದರು. ತೊಟ್ಟಿ ಒಂದಿಂಚೂ ಅಲುಗುವುದಿಲ್ಲ. ಅರ್ಜಿ ಕೊಡುವವರು ಕೊಡಲಿ.

ಗುರುತೇ ಇಲ್ಲದ ಆ ಮೂರು ತೊಟ್ಟಿಗಳಿಗೆ ನಾನು ನೀಲಿ ಬಳಿದಿದ್ದೇನೆ. ಬಣ್ಣ ನನ್ನದು, ಬ್ರಷ್ ನನ್ನದು. ಕೇಳಬೇಡ.

ಆ ಸಾಲು ಗೋಡೆಯ ನೆರಳಿನಲ್ಲಿದೆ, ನೀನು ಗಮನಿಸಿದ್ದೀಯಾ? ಬೆಳಿಗ್ಗೆ ನಾನು ಡಬ್ಬಿ ಹಿಡಿದು ಹೋದರೆ ಕೆಂಪು ತೊಟ್ಟಿಯವು ಕಾಳು ಮುಟ್ಟಿ ಹಾಗೇ ಬಿಡುತ್ತವೆ, ಹೊಟ್ಟೆ ತುಂಬಿದ ಮದುಮಗನ ಹಾಗೆ. ನೀಲಿಯವು ತೊಟ್ಟಿಯ ಅಂಚಿಗೆ ಬಂದು ಮೀಸೆ ಆಡಿಸುತ್ತ ಕಾಯುತ್ತವೆ. ಪಕ್ಕದ ತೊಟ್ಟಿಗೆ ಏನು ಬೀಳುತ್ತಿದೆ ಎಂದು ಅವಕ್ಕೆ ವಾಸನೆ ಹತ್ತುವುದಿಲ್ಲವೇ? ನೀನು ಓದಿದವಳು, ನೀನೇ ಹೇಳು.

ನಿನ್ನ ಅಪ್ಪ
ಮುನಿಶಾಮಿ

ಹಾಸ್ಟೆಲ್
26 ಆಗಸ್ಟ್ 2024

ಅಪ್ಪಾ,

ಸಿಗಡಿಗೆ ಮೂಗು ಚೆನ್ನಾಗಿದೆ. ಪಕ್ಕದ ತೊಟ್ಟಿಯದು ಹತ್ತುವುದಿಲ್ಲ, ನಡುವೆ ಸಿಮೆಂಟ್ ಇದೆ.

ಬಣ್ಣ ಬಳಿದದ್ದು ಸರಿ. ರಾಮಾಂಜಿನಪ್ಪನವರಿಗೆ ಉತ್ತರ ಕೊಟ್ಟದ್ದೂ ಸರಿ. ಯಾವ ವಾಸನೆ, ಯಾವ ಸಾಲು ಎಂದು ಅಮ್ಮನನ್ನು ಫೋನಿನಲ್ಲಿ ಕೇಳಿದೆ, "ನಿಮ್ಮಪ್ಪನ್ನೇ ಕೇಳು" ಎಂದು ಇಟ್ಟುಬಿಟ್ಟಳು. ನೀನು ಹೇಳುವವನಲ್ಲ ಎಂದು ನಮ್ಮಿಬ್ಬರಿಗೂ ಗೊತ್ತು.

ಗೋಡೆಗೆ ಬಣ್ಣ ಬಳಿ, ಗೇಟಿಗೆ ಬಳಿ, ಬೇಕಾದರೆ ನಿನ್ನ ಮೀಸೆಗೂ ಬಳಿದುಕೋ. ಮೇವಿಗೆ ಮಾತ್ರ ಕೈ ಹಾಕಬೇಡ. ಇದು ನಿನ್ನ ಮಗಳು ಕೇಳುತ್ತಿರುವುದಲ್ಲ, ಪ್ರಯೋಗ ಮಾಡುವವಳು ಕೇಳುತ್ತಿರುವುದು.

ಧನುಶ್ರೀ

ಹಾಸ್ಟೆಲ್
9 ಅಕ್ಟೋಬರ್ 2024

ಅಪ್ಪಾ, ಅಪ್ಪಾ,

ಇದನ್ನು ಅಮ್ಮನ ಕೈಲಿ ಗಟ್ಟಿಯಾಗಿ ಓದಿಸು, ನಿನಗೆ ಕೇಳಿಸುವಷ್ಟು ಗಟ್ಟಿಯಾಗಿ. ಸೆಪ್ಟೆಂಬರ್ ಕೊನೆಗೆ ಬಂದು ನಿನ್ನ ಜೊತೆ ಕೂತು ತೂಕ ಮಾಡಿದೆನಲ್ಲ, ಅದರ ಲೆಕ್ಕವನ್ನು ಇಲ್ಲಿ ಮೂರು ಸಲ ಹಾಕಿದೆ. ನಿನ್ನ ನೀಲಿ ತೊಟ್ಟಿಯವು ಹಳದಿಯವಕ್ಕೆ ಸರಿಸಮ ಬೆಳೆದಿವೆ. ಕೆಂಪಿನವಕ್ಕೂ ಅವಕ್ಕೂ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ. ಎಣ್ಣೆಯಿಲ್ಲದೆ!

ನನ್ನ ಗೈಡ್ ಅಂಜನಮೂರ್ತಿ ಸಾರ್ ಕುರ್ಚಿಯಿಂದ ಎದ್ದೇ ಬಿಟ್ಟರು. ಎಲ್ಲರೂ ಮೀನೆಣ್ಣೆ ಬೇಕೇ ಬೇಕು ಎನ್ನುವಾಗ ನಮ್ಮ ಹಿತ್ತಲಿನ ಸಿಗಡಿ ಬೇಡ ಎನ್ನುತ್ತಿದೆ. ಬಡ ರೈತನೂ ಸಾಕಬಹುದು, ಇದು ದೊಡ್ಡ ಸುದ್ದಿ ಎಂದರು. ಡಿಸೆಂಬರಿನ ವಿಚಾರಸಂಕಿರಣದಲ್ಲಿ ನಾನೇ ವೇದಿಕೆ ಹತ್ತಿ ಇದನ್ನು ಹೇಳಬೇಕಂತೆ. ಮಾರ್ಚಿಗೆ ಪದವಿ ಕೈಗೆ.

ನೀನು ನೋಡಿದ್ದು ನಿಜ ಅಪ್ಪಾ. ಅವು ಅಂಚಿಗೆ ಬಂದು ಕಾಯುತ್ತಿದ್ದದ್ದು ಎಣ್ಣೆಗಲ್ಲ, ನಿನಗೆ ಇರಬೇಕು. ನನಗೆ ಎಷ್ಟು ಸಂತೋಷವಾಗಿದೆ ಎಂದರೆ ರಾಮಾಂಜಿನಪ್ಪನವರ ಮೇಲೂ ಸಿಟ್ಟಿಲ್ಲ.

ನಿನ್ನ
ಧನು

ಹೊರಮಾವು
17 ಅಕ್ಟೋಬರ್ 2024

ಧನೂ,

ಅಮ್ಮ ಗಟ್ಟಿಯಾಗಿ ಓದಿದಳು. ಬೀದಿಗೆಲ್ಲ ಕೇಳಿಸಿರಬೇಕು. ಆಮೇಲೆ ನಾನು ಕಾಗದ ಇಸಿದುಕೊಂಡು ಒಬ್ಬನೇ ಓದಿದೆ.

ನೀನು ಆ ವೇದಿಕೆ ಹತ್ತಬೇಡ.

ಅವು ಎಣ್ಣೆಯಿಲ್ಲದೆ ಬೆಳೆಯಲಿಲ್ಲ. ನಾನು ಕೊಟ್ಟೆ. ಬಣ್ಣ ಬಳಿದ ವಾರದಿಂದ, ನೀನು ತೂಕಕ್ಕೆ ಬರುವ ಹಿಂದಿನ ದಿನದವರೆಗೂ ಕೊಟ್ಟೆ. ಡಬ್ಬಿಯ ಎಣ್ಣೆ ಲೆಕ್ಕಕ್ಕೆ ಸರಿಯಾಗಿಯೇ ಮುಗಿದಿದೆ, ಏಕೆಂದರೆ ಹೊರಗಿನಿಂದ ತರಲಿಲ್ಲ. ಕೆಂಪಿನ ಆರು ಚಮಚದಲ್ಲಿ ಎರಡು ತೆಗೆದು ಬೇರೊಂದು ಡಬ್ಬಿಯ ಗುಳಿಗೆಗೆ ಸವರಿಟ್ಟು ನೀಲಿಗೆ ಹಾಕಿದೆ. ಮುಟ್ಟಿ ಹಾಗೇ ಬಿಡುವವರ ಪಾಲಿನಿಂದ ತೆಗೆದು ಕಾಯುವವರಿಗೆ ಕೊಟ್ಟೆ. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಇದನ್ನೇ ಕೇಳಿದೆ, ಯಾರೂ ಕೊಡಲಿಲ್ಲ. ಇಲ್ಲಿ ಚಮಚ ನನ್ನ ಕೈಯಲ್ಲೇ ಇತ್ತು.

ನೀನು ಬೇಡ ಎಂದಿದ್ದೆ. ಕಾಗದದಲ್ಲಿ ಬರೆದೇ ಹೇಳಿದ್ದೆ. ಓದಿದ ಮೇಲೂ ನಾನು ಕೊಟ್ಟೆ. ಪ್ರತಿ ದಿನ ಬೆಳಿಗ್ಗೆ ಇವತ್ತು ಕೊಡಬಾರದು ಎಂದುಕೊಂಡು ಹೋಗುತ್ತಿದ್ದೆ. ಮೂರು ಸಾಲಿಗೆ ಹಾಕಿ ನಾಲ್ಕನೇ ಸಾಲಿನ ಮುಂದೆ ನಿಂತಾಗ ಕೈ ಕೇಳುತ್ತಿರಲಿಲ್ಲ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಬರುವುದಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ನಾನಲ್ಲ. ಕಾಯಿಯನ್ನು ಹೆಗಲ ಮೇಲೇ ಇಟ್ಟುಕೊಂಡು ಬಂದಿದ್ದೇನೆ. ನಾನು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಮಾರ್ಚಿಗೆ ನಿನ್ನ ಪದವಿ ಬರುತ್ತಿತ್ತು. ಆದರೆ ಎಣ್ಣೆ ಇಲ್ಲದೆಯೂ ಅವು ಬೆಳೆಯುತ್ತವೆ ಎಂದು ನೀನು ಊರಿಗೆಲ್ಲ ಹೇಳಿಬಿಟ್ಟರೆ, ಇನ್ನು ಮುಂದೆ ಅವಕ್ಕೆ ಯಾರು ಕೊಡುತ್ತಾರೆ? ಅವಕ್ಕೆ ಅಷ್ಟು ಸಾಕು ಎನ್ನುವ ಮಾತನ್ನು ನಾನು ಬಾಲ್ಯದಿಂದ ಕೇಳಿದ್ದೇನೆ. ನನ್ನ ಮಗಳ ಬಾಯಲ್ಲಿ ಅದು ಬರಕೂಡದು.

ಸಿಟ್ಟು ಮಾಡಿಕೋ. ಮಾಡಿಕೊಳ್ಳಬೇಕಾದ್ದೇ.

ಮುನಿಶಾಮಿ

ಹೊರಮಾವು
10 ನವೆಂಬರ್ 2024

ಧನು ಪುಟ್ಟಾ,

ಅಮ್ಮ ಬರೆಯುತ್ತಿದ್ದೇನೆ. ನನ್ನ ಅಕ್ಷರ ನೋಡಿ ನಗಬೇಡ. ಫೋನಿನಲ್ಲಿ ನೀನು "ಅಪ್ಪನ್ ವಿಷ್ಯ ಎತ್ಬೇಡ" ಎಂದು ಇಟ್ಟುಬಿಡುತ್ತೀಯ, ಅದಕ್ಕೆ ಕಾಗದ. ಇದನ್ನು ಇಟ್ಟುಬಿಡಲು ಆಗುವುದಿಲ್ಲ.

ಅವರು ದಿನಾ ಮಧ್ಯಾಹ್ನ ಪೋಸ್ಟಿನವನು ಬರುವ ಹೊತ್ತಿಗೆ ಗೇಟಿನ ಹತ್ತಿರ ಗಿಡಕ್ಕೆ ನೀರು ಹಾಕುತ್ತಾರೆ. ಆ ಗಿಡ ನೀರು ಹೆಚ್ಚಾಗಿ ಕೊಳೆತಿದೆ.

ನಮ್ಮ ಮನೆಯಲ್ಲಿ ತುಪ್ಪ ಏಕಿಲ್ಲ ಎಂದು ಚಿಕ್ಕವಳಿದ್ದಾಗ ನೀನು ಕೇಳುತ್ತಿದ್ದೆ. ಅಪ್ಪನಿಗೆ ಕೆಮ್ಮು ಬರುತ್ತದೆ ಎಂದು ನಾನು ಸುಳ್ಳು ಹೇಳುತ್ತಿದ್ದೆ. ಅವರು ಹತ್ತು ವರ್ಷದ ಹುಡುಗನಾಗಿದ್ದಾಗ ರಾಮಾಂಜಿನಪ್ಪನವರ ಸೋದರತ್ತೆಯ ಮದುವೆ. ಸೌದೆ ಒಡೆದದ್ದು, ಒಲೆಗೆ ಗುಂಡಿ ತೋಡಿದ್ದು, ತಮಟೆ ಬಡಿದದ್ದು ಎಲ್ಲ ನಮ್ಮವರು. ಊಟಕ್ಕೆ ಮಾತ್ರ ದನದ ಕೊಟ್ಟಿಗೆಯ ಹಿಂದೆ ಬೇರೆ ಸಾಲು. ಅನ್ನ ಬಂತು, ಸಾರು ಬಂತು. ತುಪ್ಪದ ಗಿಂಡಿ ಅಂಗಳದ ಅಂಚಿನವರೆಗೆ ಬಂದು ತಿರುಗಿಹೋಯಿತು. ಇವರು ಎದ್ದು ನಿಂತು "ಈ ಸಾಲಿಗೆ ತುಪ್ಪ ಬಂದಿಲ್ಲ" ಎಂದರಂತೆ. ಬಡಿಸುವವನು ನಕ್ಕು, "ವಾಸ್ನೆ ಬಂತಲ್ಲೋ, ನಿಮ್ಗೆ ಅಷ್ಟು ಸಾಕು" ಎಂದ. ನಿಮ್ಮ ತಾತ ಮಗನ ತೊಡೆ ಒತ್ತಿ ಕೂರಿಸಿದರು, ತಿನ್ನು ಎಂದರು. ಇವರು ಎಲೆ ಬಿಟ್ಟು ಎದ್ದು ಬಂದರು. ಅವತ್ತಿನಿಂದ ತುಪ್ಪ ಮುಟ್ಟಿಲ್ಲ. ಮದುವೆಯಾದ ಹೊಸದರಲ್ಲಿ ನಾನು ತಿಳಿಯದೆ ಅನ್ನಕ್ಕೆ ಹಾಕಿದೆ. ತಟ್ಟೆ ಪಕ್ಕಕ್ಕೆ ಸರಿಸಿ ಹೊರಗೆ ಹೋಗಿ ಕೂತರು, ಆಮೇಲೆ ಇದನ್ನು ಹೇಳಿದರು. ಒಂದೇ ಸಲ ಹೇಳಿದ್ದು.

ಅವರು ಮಾಡಿದ್ದು ಸರಿ ಎಂದು ನಾನು ಹೇಳುತ್ತಿಲ್ಲ. ನಿನ್ನ ಒಂದು ವರ್ಷ ಹೋಯಿತು, ನನಗೂ ಹೊಟ್ಟೆ ಉರಿಯುತ್ತದೆ. ಆದರೆ ನೀನು ಸಾಲು ಮಾಡಿ, ಕೊನೆಯ ಸಾಲಿಗೆ ಎಣ್ಣೆ ಇಲ್ಲ ಎಂದು ಬರೆದು, ಬಡಿಸಲು ಅವರನ್ನೇ ನಿಲ್ಲಿಸಿಬಿಟ್ಟೆಯಲ್ಲ ಪುಟ್ಟಾ.

ನಿನ್ನ ಅಮ್ಮ
ಯಶೋದಮ್ಮ

ಹಾಸ್ಟೆಲ್
24 ನವೆಂಬರ್ 2024

ಅಪ್ಪಾ,

ಇಷ್ಟು ದಿನ ಬರೆಯಲಿಲ್ಲ. ಬರೆದದ್ದನ್ನೆಲ್ಲ ಹರಿದೆ. ನಿನ್ನ ಮೇಲೆ ಬಂದಂಥ ಸಿಟ್ಟು ನನಗೆ ಯಾರ ಮೇಲೂ ಬಂದಿಲ್ಲ. ಅದು ಪೂರ್ತಿ ಹೋಗಿದೆ ಎಂದು ಸುಳ್ಳು ಹೇಳುವುದಿಲ್ಲ.

ಅಂಜನಮೂರ್ತಿ ಸಾರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಬಾಗಿಲು ಹಾಕಿಸಿದರು. "ನೋಡಮ್ಮ, ಅದು ನಿಮ್ಮನೆ ಮಾತು, ಮನೇಲೇ ಇರ್ಲಿ. ಹೆಸ್ರು ಪ್ರಿಂಟಿಗೆ ಹೋಗಿದೆ. ಡೇಟಾ ಡೇಟಾನೇ" ಎಂದರು. ನಾನು ಬಿಡಲಿಲ್ಲ ಅಪ್ಪಾ, ಹೇಳಿದೆ. "ಅದು ಡೇಟಾ ಅಲ್ಲ ಸಾರ್. ನಮ್ಮಪ್ಪನ ಕೈ." ವರ್ಷ ಹಿಂದೆ ಬೀಳುತ್ತೀಯ, ಇನ್ನೊಬ್ಬ ಗೈಡ್ ಹುಡುಕಿಕೋ ಎಂದು ಹೆದರಿಸಿದರು. ಹೆಸರು ವಾಪಸು ತೆಗೆದುಕೊಳ್ಳುತ್ತೇನೆ ಎಂದು ವಿಚಾರಸಂಕಿರಣದವರಿಗೆ ನಾನೇ ಬರೆದುಹಾಕಿ ಅದರ ಪ್ರತಿಯನ್ನು ಅವರ ಮೇಜಿನ ಮೇಲಿಟ್ಟೆ. ನಾಲ್ಕು ದಿನ ಮಾತಾಡಲಿಲ್ಲ. ಐದನೇ ದಿನ ಕರೆದು, ಮತ್ತೆ ಮಾಡು, ಮೇವು ಹಾಕಲು ಬೇರೆ ಯಾರನ್ನಾದರೂ ಇಟ್ಟುಕೋ ಎಂದರು.

ಬೇರೆ ಯಾರನ್ನೂ ಇಟ್ಟುಕೊಳ್ಳುವುದಿಲ್ಲ ಎಂದೆ. ಯಾರಿಗೂ ತಿಳಿಯದ ತಪ್ಪನ್ನು ತಾನಾಗಿ ಬರೆದು ಕಳಿಸಿದವನನ್ನು ಬಿಟ್ಟು ನಾನು ಇನ್ಯಾರನ್ನು ನಂಬಲಿ?

ಚಳಿಯಲ್ಲಿ ಸಿಗಡಿ ಮೈ ಹಿಡಿಯುವುದಿಲ್ಲ. ಮಾರ್ಚಿಗೆ ಶುರು ಮಾಡೋಣ. ಈ ಸಲ ಸಾಲು ಬೇಡ. ಸಾಲು ಮಾಡಿದ್ದು ನನ್ನ ತಪ್ಪು, ವಿಜ್ಞಾನದ ಲೆಕ್ಕದಲ್ಲೂ ತಪ್ಪೇ. ಎಣ್ಣೆಯಿಲ್ಲದ ಮೂರನ್ನೂ ಗೋಡೆಯ ನೆರಳಿಗೇ ಇಟ್ಟಿದ್ದೆ. ಈ ಸಲ ಚೀಟಿ ಎತ್ತಿ ಜಾಗ ಕೊಡೋಣ, ನೀಲಿಯೂ ಕೆಂಪೂ ಎಲ್ಲ ಬೆರೆತು ಕೂರಲಿ.

ಆದರೆ ನೀಲಿಗೆ ಸೊನ್ನೆ, ಅಪ್ಪಾ. ಅವಕ್ಕೆ ಎಣ್ಣೆ ಬೇಕು ಎಂದು ಜಗತ್ತಿಗೆ ತೋರಿಸಬೇಕಾದರೆ ಈ ಒಂದು ಸಲ ಕೊಡದೆ ಇರಬೇಕು. ಇದನ್ನು ನಿನ್ನ ಕೈಲೇ ಮಾಡಿಸಬೇಕು ಎಂಬ ಹಟ ನನಗೆ. ಆಗದಿದ್ದರೆ ಈಗಲೇ ಹೇಳು.

ಅಮ್ಮ ಬರೆದಿದ್ದಳು. ಅದರ ಬಗ್ಗೆ ನಾನು ಏನೂ ಕೇಳುವುದಿಲ್ಲ.

ನಿನ್ನ
ಧನು

ಹೊರಮಾವು
13 ಏಪ್ರಿಲ್ 2025

ಧನೂ, ಜೈ ಭೀಮ್.

ನೀಲಿಗೆ ಸೊನ್ನೆ. ಇವತ್ತೂ ಸೊನ್ನೆ.

ನಾಳೆ ಜಯಂತಿ, ಹಲಸೂರಿನ ಮೆರವಣಿಗೆಗೆ ಅಮ್ಮನೂ ನಾನೂ ಹೋಗುತ್ತೇವೆ. ಬೆಳಿಗ್ಗೆ ಮೇವು ಹಾಕಿಯೇ ಹೊರಡುವುದು.

ರಾಮಾಂಜಿನಪ್ಪ ಕೊನೆಗೂ ಅರ್ಜಿ ಕೊಟ್ಟರು. ಆಫೀಸಿನವನು ಬಂದು ನೀರು ನೋಡಿದ, ಮೂಸಿದ, ಇದಕ್ಕಿಂತ ಅವರ ಮನೆ ಮೋರಿಯೇ ನಾರುತ್ತಿದೆ ಎಂದು ಅವರಿಗೇ ನೋಟಿಸು ಕೊಟ್ಟು ಹೋದ. ನಾನು ನಗಲಿಲ್ಲ. ಒಳಗೆ ಬಂದು ಬಾಗಿಲು ಹಾಕಿಕೊಂಡು ನಕ್ಕೆ.

ಈಗ ನಾನು ಎಲ್ಲಕ್ಕಿಂತ ಮೊದಲು ನೀಲಿ ತೊಟ್ಟಿಗಳಿಗೆ ಹಾಕುತ್ತೇನೆ. ಕೊನೆಗೆ ಹಾಕಬೇಕು ಎಂದು ನೀನು ಎಲ್ಲೂ ಬರೆದಿಲ್ಲ. ಹಾಕಿದ ಮೇಲೆ ಎಡಗೈಯಿಂದ ಬಲಗೈ ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತೇನೆ. ಅವು ಬೆಳೆಯುತ್ತಿಲ್ಲ ಧನೂ. ಕಣ್ಣಿಗೇ ಕಾಣುತ್ತಿದೆ. ನೀನು ಗೆಲ್ಲುತ್ತಿದ್ದೀಯ ಎಂದು ಗೊತ್ತಾಗಿಯೂ ನನಗೆ ಊಟ ಸೇರುತ್ತಿಲ್ಲ.

ಮುನಿಶಾಮಿ

ಹಾಸ್ಟೆಲ್
10 ಆಗಸ್ಟ್ 2025

ಅಪ್ಪಾ,

ಲೆಕ್ಕ, ಪ್ರಬಂಧ ಎಲ್ಲ ಮುಗಿಯಿತು. ಮೇ ಕೊನೆಗೆ ನಾವಿಬ್ಬರೂ ತೂಗಿದಾಗ ಕಣ್ಣಿಗೆ ಕಂಡದ್ದೇ ನಿಜ. ನೀಲಿ ಎಲ್ಲಕ್ಕಿಂತ ಕಡಿಮೆ. ಹಳದಿ ಚೆನ್ನಾಗಿ ಬೆಳೆದಿದೆ, ಹಸಿರು ಅದಕ್ಕಿಂತ ಸ್ವಲ್ಪ ಹೆಚ್ಚು. ಆರು ಚಮಚದ ಕೆಂಪು ಹಳದಿಗಿಂತ ಹಿಂದೆ. ಹೆಚ್ಚಾದ ಎಣ್ಣೆ ಮೈಗೆ ಹತ್ತಲಿಲ್ಲ. ಕಾಳು ಮುಟ್ಟಿ ಹಾಗೇ ಬಿಡುತ್ತವೆ ಎಂದು ನೀನು ಹೋದ ವರ್ಷವೇ ಬರೆದಿದ್ದೆ, ಹಿಗ್ಗಬೇಡ.

ಮೊದಲ ಪ್ರಯೋಗ ಏಕೆ ಕೆಟ್ಟಿತು ಎಂದು ಪ್ರಬಂಧದಲ್ಲಿ ಬರೆದಿದ್ದೆ. ಸಾರ್ ಆ ವಾಕ್ಯ ಹೊಡೆದುಹಾಕಿದರು. ಮತ್ತೆ ಬರೆದೆ. ಮತ್ತೆ ಹೊಡೆದರು. ಮೂರನೇ ಸಲ ನಿನ್ನ ಹೆಸರನ್ನೂ ಸೇರಿಸಿ ಬರೆದೆ. "ಮೇವು ಹಾಕುತ್ತಿದ್ದ ನನ್ನ ತಂದೆ ಮುನಿಶಾಮಿಯವರು ಎಣ್ಣೆಯಿಲ್ಲದ ತೊಟ್ಟಿಗಳಿಗೂ ಎಣ್ಣೆ ಕೊಟ್ಟಿದ್ದರಿಂದ ಮೊದಲ ಪ್ರಯೋಗವನ್ನು ಕೈಬಿಡಲಾಯಿತು." ಅವರು ನನ್ನ ಮುಖ ನೋಡಿ ಪೆನ್ನು ಮುಚ್ಚಿದರು.

ಹೊರಗಿನಿಂದ ಬಂದ ಪರೀಕ್ಷಕರು ಅದೇ ವಾಕ್ಯದ ಮೇಲೆ ಬೆರಳಿಟ್ಟು, ಏಕೆ ಕೊಟ್ಟರು ಎಂದು ಕೇಳಿದರು. ಪಂಕ್ತಿಭೇದ ಅವರಿಗೆ ಆಗುವುದಿಲ್ಲ ಎಂದೆ. ಅವರು ಆ ವಾಕ್ಯವನ್ನು ಇನ್ನೊಮ್ಮೆ ಓದಿದರು. ಆಮೇಲೆ ಮುಂದಿನ ಪುಟಕ್ಕೆ ಹೋದರು. ಪಾಸಾದೆ ಅಪ್ಪಾ.

ನಿನ್ನ
ಧನುಶ್ರೀ

ಹೊರಮಾವು
17 ಆಗಸ್ಟ್ 2025

ಧನೂ, ಜೈ ಭೀಮ್.

ಅಮ್ಮ ಓದಿ ಅತ್ತಳು, ಬೀದಿಯವರಿಗೆ ಮೈಸೂರ್ ಪಾಕ್ ಹಂಚಿದಳು. ಗೋಡೆಯಾಚೆಯ ಮನೆಗೂ ಕೊಟ್ಟಳು. ಅದರಲ್ಲಿ ಇರುವುದೆಲ್ಲ ತುಪ್ಪವೇ. ಈ ಸಾಲಿನಿಂದ ಆ ಸಾಲಿಗೆ ಹೋಗಲಿ ಎಂದು ನಾನೂ ಬೇಡ ಎನ್ನಲಿಲ್ಲ. ನಾನು ತಿನ್ನಲಿಲ್ಲ. ಅದು ನನ್ನ ಹಟ, ನಿನ್ನ ಪದವಿಗೂ ಅದಕ್ಕೂ ಸಂಬಂಧವಿಲ್ಲ.

ಪುಸ್ತಕದಲ್ಲಿ ನನ್ನ ಹೆಸರು ತಪ್ಪಿನ ಪಕ್ಕದಲ್ಲಿದೆ ಎಂದು ಅಮ್ಮನಿಗೆ ಬೇಜಾರು. ನನಗಿಲ್ಲ. ಆದರೆ ಇನ್ನೊಂದು ವಾಕ್ಯ ಸೇರಿಸು. ಎರಡನೇ ಸಲ, ಬೇಸಿಗೆ ಪೂರ್ತಿ, ಆ ಮೂರು ತೊಟ್ಟಿಗಳಿಗೆ ಎಣ್ಣೆ ಕೊಡದೆ ನಿಂತವನೂ ಇದೇ ಮುನಿಶಾಮಿ ಎಂದು ಬರೆ. ಕೊಡುವುದು ನನಗೆ ಕಷ್ಟವಾಗಿರಲಿಲ್ಲ. ಕೊಡದೆ ಇರುವುದಕ್ಕೆ ನನ್ನ ಶಕ್ತಿಯೆಲ್ಲ ಬೇಕಾಯಿತು. ಸಾರ್ ಹೊಡೆದುಹಾಕಿದರೆ ಮತ್ತೆ ಬರೆ, ನಿನಗೆ ಅಭ್ಯಾಸವಿದೆ.

ಇನ್ನೊಂದು ವಿಷಯ. ನೀನು ಕೊನೆಯ ತೂಕ ಮುಗಿಸಿ ಬಸ್ಸು ಹತ್ತಿದ ಸಂಜೆ ಡಬ್ಬಿಯ ತಳದಲ್ಲಿ ಎಣ್ಣೆ ಉಳಿದಿತ್ತು. ಸಿಗಡಿಯನ್ನೆಲ್ಲ ಮಾರನೆಯ ಬೆಳಿಗ್ಗೆ ರಸೆಲ್ ಮಾರ್ಕೆಟ್ಟಿಗೆ ಕಳಿಸಬೇಕಿತ್ತು. ಅಲ್ಲಿ ಕೊಳ್ಳುವವಳು ಫಹ್ಮಿದಾ, ಅಮ್ಮನ ಪರಿಚಯದವಳು. ಮಾರುವ ಹಿಂದಿನ ದಿನ ಮೇವು ಹಾಕಬಾರದು, ಹೊಟ್ಟೆ ಖಾಲಿ ಇದ್ದರೆ ಮಾಲು ಕೆಡುವುದಿಲ್ಲ ಎಂದು ಎರಡೆರಡು ಸಲ ಹೇಳಿಕಳಿಸಿದ್ದಳು. ನಾನು ಮೊಟ್ಟೆ ಒಡೆದು, ಉಳಿದ ಎಣ್ಣೆಯನ್ನೆಲ್ಲ ಕಲಸಿ, ಗುಳಿಗೆಗೆ ಸವರಿ, ಮೂರು ನೀಲಿ ತೊಟ್ಟಿಗಳ ಹತ್ತಿರ ಹೋದೆ.

ಅಮ್ಮ ಹಿಂದೆಯೇ ಬಂದು ಕಿವಿಯ ಹತ್ತಿರ ಕೂಗಿದಳು. "ತೂಕ ಆಗೋಯ್ತಲ್ರೀ, ಬೆಳಗ್ಗೆ ಮಾರ್ಕೆಟ್ಟಿಗೆ ಹೋಗೋವು. ಇನ್ನೆಲ್ಲಿ ಬೆಳೀತಾವೆ ಅಂತ ಹಾಕ್ತಿದೀರ?"

"ಬೆಳೀಲಿ ಅಂತಲ್ಲ ಕಣೇ. ಇದು ಊಟ."

ಫಹ್ಮಿದಾ ಬೈದಳು, ಬೈಯಲಿ. ಕತ್ತಲಾದ ಮೇಲೆ ಟಾರ್ಚ್ ಬಿಟ್ಟು ನೋಡಿದೆ. ಮೂರು ತೊಟ್ಟಿಯಲ್ಲೂ ಒಂದು ಗುಳಿಗೆಯೂ ಉಳಿದಿರಲಿಲ್ಲ.

ನಿನ್ನ ಅಪ್ಪ
ಮುನಿಶಾಮಿ